ಹಾಸಿಗೆ ಅಳೆದು ನೋಡಿದ್ದೀರಾ?

ಧಾರವಾಡದ ಮಾಳಮಡ್ಡಿಯಲ್ಲಿ ನಾವಿರುವುದು ಹಂಚಿನ ಮನೆ. ನಡುವೆ ಒಂದೇ ಗೋಡೆ. ಆ ಕಡೆ ಕಾಕಾ, ಈ ಕಡೆ ನಾವು. ಕಾಕಾ ನಮ್ಮ ಸಂಬಂಧಿಕರಲ್ಲ, ಓಣಿಯವರೆಲ್ಲ ಹಾಗೇ ಕರೆಯುತ್ತೇವೆ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅವರದೂ ಎರಡು ಖೋಲಿ, ನಮ್ಮದೂ ಎರಡು ಖೋಲಿ. ಅವರೂ ಜೋಳದ ರೊಟ್ಟಿ, ನಾವೂ ಜೋಳದ ರೊಟ್ಟಿ. ಅವರಿಗೆ ಕಾರಿಲ್ಲ, ನಮಗೂ ಇಲ್ಲ. ನೋಡಿದವರು ಇಬ್ಬರ ಬಗ್ಗೆಯೂ ಒಂದೇ ಮಾತು ಹೇಳುತ್ತಿದ್ದರು: "ಭಾಳ ಸಿಂಪಲ್ ಮಂದಿ ನೋಡ್ರಿ."

ಆ ಮಾತು ಕೇಳಿದಾಗ ನಾನು ತಲೆ ಆಡಿಸಿ ನಗುತ್ತಿದ್ದೆ. ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರಾಗಿ, ಮೇಲಿನ ಹಂಚು ನೋಡುತ್ತ ಬಿದ್ದುಕೊಂಡಿರುತ್ತಿದ್ದೆ. ಗೋಡೆಯಾಚೆಯಿಂದ ಕಾಕಾ ಅವರ ಗೊರಕೆ ಕೇಳುತ್ತಿತ್ತು. ಎಷ್ಟು ಸಿಟ್ಟು ಬರುತ್ತಿತ್ತು ಅಂದರೆ, ಗೋಡೆ ತಟ್ಟಬೇಕು ಅನ್ನಿಸುತ್ತಿತ್ತು.

ಸರಳವಾಗಿ, ಶಾಂತವಾಗಿ ಬದುಕುವುದು ಬೇರೆ. ಬಾಯಿ ಮುಚ್ಚಿಕೊಂಡು ಒಳಗೊಳಗೇ ಕುದಿಯುವುದು ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ತೊಂದರೆ ಇರುವುದೇ ಅಲ್ಲಿ. ಕುದಿಯುವವನಿಗೇ ಎಷ್ಟೋ ಸಲ ಗೊತ್ತಾಗುವುದಿಲ್ಲ, ತಾನು ಸಂತೃಪ್ತ ಅಂದುಕೊಂಡೇ ಇರುತ್ತಾನೆ. ನಾನು ಹನ್ನೊಂದು ವರ್ಷ ಹಾಗಿದ್ದೆ. ಅಲ್ಲಿಂದ ಹೇಗೆ ಹೊರಗೆ ಬಂದೆ, ನೀವು ಎಲ್ಲಿಂದ ಶುರು ಮಾಡಬಹುದು ಅಂತ ಹೇಳುತ್ತೇನೆ. ನಾನು ಸ್ವಾಮಿಯೂ ಅಲ್ಲ, ಡಾಕ್ಟರೂ ಅಲ್ಲ. ಅಂಗಡಿಯ ಲೆಕ್ಕ ಬರೆಯುವವನು. ಹಾಗಾಗಿ ಇದರಲ್ಲಿ ಲೆಕ್ಕವೇ ಜಾಸ್ತಿ ಇರುತ್ತದೆ.

ಮೊದಲು ನೀವು ಯಾವ ಕಡೆ ಅಂತ ನೋಡಿಕೊಳ್ಳಿ

ಮದುವೆ ಕಾರ್ಡು ಬಂದಾಗ ತಲೆಗೆ ಮೊದಲು ಬರುವುದು ಏನು? ಹುಡುಗ ಯಾರು, ಹುಡುಗಿ ಯಾರು ಅಂತಲೋ, ಇಲ್ಲಾ ಆಯೇರಿ (ಉಡುಗೊರೆ) ಎಷ್ಟು ಮಾಡಬೇಕು ಅಂತಲೋ? ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದಾ? ಭಾನುವಾರ ಸಂಜೆ ನಾಲ್ಕು ಗಂಟೆಯ ಮೇಲೆ ಮನೆಯವರ ಮೇಲೆ ಸುಮ್ನೆ ರೇಗುತ್ತೀರಾ?

ಇನ್ನೊಂದು ಗುರುತು ಇದೆ, ಇದು ಸ್ವಲ್ಪ ಚುಚ್ಚುತ್ತದೆ. ನಿಜವಾಗಿ ಸರಳವಾಗಿ ಇರುವವರು ಬೇರೆಯವರ ಕಾರಿನ ಬಗ್ಗೆ ಮಾತೇ ಆಡುವುದಿಲ್ಲ. ಕಾಕಾ ಮುಂದೆ ಯಾರಾದರೂ ಹೊಸ ಕಾರು ತಂದರೆ, "ಛಲೋ ಆತು, ಬಣ್ಣ ಭಾರೀ ಐತಿ" ಅಂದು ಬಾಳೆಹಣ್ಣು ಸುಲಿಯುತ್ತಾರೆ. ನಮ್ಮ ಷಡ್ಡಕ ಕಾರು ತಂದ ದಿನ ನಾನು ಪೆಟ್ರೋಲ್ ದರ, ಟ್ರಾಫಿಕ್ಕು, ಸಾಲ ಮಾಡಿ ತುಪ್ಪ ತಿನ್ನುವವರ ಗತಿ ಅಂತ ಅರ್ಧ ಗಂಟೆ ಭಾಷಣ ಬಿಗಿದಿದ್ದೆ. ನನಗೆ ಕಾರು ಬೇಡವಾಗಿದ್ದರೆ ಅಷ್ಟು ಮಾತು ಯಾಕೆ ಬೇಕಿತ್ತು? "ನಮಗೇನೂ ಬೇಡಪ್ಪ" ಅನ್ನುವ ಮಾತು ದಿನಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬಾಯಿಗೆ ಬರುತ್ತಿದ್ದರೆ ಸ್ವಲ್ಪ ಅನುಮಾನ ಪಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಅವ್ವ ಈಗಲೂ ಹೇಳುತ್ತಾಳೆ. ಮಾತು ಸರಿಯೇ. ಆದರೆ ಹಾಸಿಗೆ ಎಷ್ಟುದ್ದ ಇದೆ ಅಂತ ಅಳೆದವರು ಎಷ್ಟು ಮಂದಿ? ನಾನಂತೂ ಅಳೆದಿರಲಿಲ್ಲ. ಕೆಲವು ಕಡೆ ಕಾಲು ಹಾಸಿಗೆ ದಾಟಿ ಹೋಗಿತ್ತು, ಕೆಲವು ಕಡೆ ಒಂದು ಗೇಣು ಜಾಗ ಖಾಲಿ ಬಿದ್ದಿದ್ದರೂ ಮಡಚಿಕೊಂಡೇ ಮಲಗಿದ್ದೆ. ಕಾಲು ಹಿಡಿದುಕೊಂಡರೆ, "ಹಣೇಬರಹ" ಅನ್ನುತ್ತಿದ್ದೆ.

ವಹಿ ತೆಗೆಯಿರಿ

ಇಪ್ಪತ್ತು ರೂಪಾಯಿಯ ನೋಟುಬುಕ್ಕು ಸಾಕು. ಮೊಬೈಲ್ ಆ್ಯಪ್ ಬೇಡ. ಆ್ಯಪು ಬಣ್ಣ ಬಣ್ಣದ ಚಕ್ರ ತೋರಿಸುತ್ತದೆ, ನೋಡಿ ಖುಷಿಪಟ್ಟು ಮುಚ್ಚಿಬಿಡುತ್ತೀರಿ. ಕೈಯಲ್ಲಿ ಬರೆದರೆ ಅಂಕಿ ಮೈಗೆ ತಾಗುತ್ತದೆ.

ಊರಿನವರ ಲೆಕ್ಕ ಪೈಸೆಗೆ ಪೈಸೆ ತಾಳೆ ಹಾಕುವ ನಾನು ಮನೆಯ ಲೆಕ್ಕ ಒಂದು ದಿನವೂ ಬರೆದಿರಲಿಲ್ಲ. ಯಾಕೆ ಅಂದರೆ ಹೆದರಿಕೆ. ಒಳಗೆ ದೊಡ್ಡ ಭಾವಿ ಇದೆ, ಇಣುಕಿದರೆ ಬೀಳುತ್ತೇನೆ ಅಂದುಕೊಂಡಿದ್ದೆ. ಒಂದು ಅಮಾವಾಸ್ಯೆಯ ದಿನ ಅಂಗಡಿಗೆ ರಜೆ ಇತ್ತು, ಕರೆಂಟೂ ಇರಲಿಲ್ಲ, ಮೊಬೈಲ್ ಸತ್ತಿತ್ತು. ಬೇರೆ ಕೆಲಸ ಇಲ್ಲದೆ ಬರೆದೆ.

ಪಗಾರ 31,000. ಬಾಡಿಗೆ 7,500. ಕಿರಾಣಿ, ಕಾಯಿಪಲ್ಲೆ, ಹಾಲು ಸೇರಿ 9,000. ಮಗಳ ಫೀ ಮತ್ತು ಶಾಲೆಯ ಬಸ್ಸು 3,200. ಅವ್ವನ ಬಿಪಿ, ಶುಗರ್ ಗುಳಿಗೆ 1,300. ನನ್ನ ಓಡಾಟ, ಎರಡು ಮೊಬೈಲು 2,400. ಕಂತುಗಳು 6,800. ಇಷ್ಟಕ್ಕೇ 30,200 ಆಯಿತು. ಅದರ ಮೇಲೆ ಮದುವೆ, ಮುಂಜಿವೆ, ಸೀಮಂತ, ಜವಳ ಅಂತ ವರ್ಷದ ಖರ್ಚನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 1,900. ಒಟ್ಟು 32,100.

ಅಂದರೆ ತೂತು ಇದ್ದದ್ದು 1,100 ರೂಪಾಯಿಯದು.

ನಾನು ಆ ಅಂಕಿಯನ್ನು ನೋಡುತ್ತ ಕೂತೆ. ಮತ್ತೆ ಕೂಡಿಸಿದೆ, ಅಷ್ಟೇ ಬಂತು. ಹನ್ನೊಂದು ವರ್ಷ ನಿದ್ದೆ ಕೆಡಿಸಿಕೊಂಡದ್ದು 1,100 ರೂಪಾಯಿಗಾ? ನಗು ಬಂತು, ಆಮೇಲೆ ಅಳುವೂ ಬಂತು, ಎರಡನ್ನೂ ಹಿತ್ತಲಿಗೆ ಹೋಗಿ ಮುಗಿಸಿಕೊಂಡೆ.

ಆದರೆ ಆ ತೂತು ಸುಮ್ಮನೆ ಕೂತಿರಲಿಲ್ಲ. ಅದನ್ನು ಕ್ರೆಡಿಟ್ ಕಾರ್ಡಿನಿಂದ ಮುಚ್ಚುತ್ತಿದ್ದೆ. ಕಾರ್ಡಿನ ಬಾಕಿ 38,000. ತಿಂಗಳಿಗೆ ಶೇ 3.5 ಬಡ್ಡಿ, ವರ್ಷಕ್ಕೆ ಲೆಕ್ಕ ಹಾಕಿದರೆ ಶೇ 42. ನಾನು "ಕನಿಷ್ಠ ಮೊತ್ತ" ಅಂತ ಬಿಲ್ಲಿನಲ್ಲಿ ಬರುವ 1,900 ಕಟ್ಟಿ ಜವಾಬ್ದಾರಿ ಮುಗಿಯಿತು ಅಂದುಕೊಳ್ಳುತ್ತಿದ್ದೆ. ಬಿಡಿಸಿ ನೋಡಿದರೆ, ಆ 1,900ರಲ್ಲಿ 1,330 ಬರೀ ಬಡ್ಡಿಗೆ ಹೋಗುತ್ತಿತ್ತು, ಅಸಲಿಗೆ 570. ಅದೇ ತಿಂಗಳು ಹೊಸದಾಗಿ 1,100 ಉಜ್ಜುತ್ತಿದ್ದೆ. ಅಂದರೆ ತಪ್ಪದೆ ಕಟ್ಟುತ್ತಲೇ ಇದ್ದೆ, ಸಾಲ ತಿಂಗಳಿಗೆ 530 ರೂಪಾಯಿ ಬೆಳೆಯುತ್ತಲೇ ಇತ್ತು. ಬಡ್ಡಿಯ ಮೇಲಿನ ಜಿಎಸ್‌ಟಿ ಬೇರೆ. ಲೆಕ್ಕದವನ ಮನೆಯ ಹಣೇಬರಹ!

ಹಾಗಾಗಿ ನೀವು ಮೊದಲು ಮಾಡಬೇಕಾದದ್ದು ಇದು. ಸಾಲಗಳನ್ನೆಲ್ಲ ಒಂದು ಪುಟದಲ್ಲಿ ಬರೆದು, ಪ್ರತಿಯೊಂದರ ಮುಂದೆ ವರ್ಷದ ಬಡ್ಡಿ ಎಷ್ಟು ಶೇಕಡಾ ಅಂತ ಹಾಕಿ. ಕಂತು ಎಷ್ಟು ಅಂತ ಅಲ್ಲ, ಬಡ್ಡಿ. ಅತಿ ಹೆಚ್ಚು ಬಡ್ಡಿಯದನ್ನು ಮೊದಲು ಕೊಲ್ಲಿ. ನಾನು ಓಣಿಯ ಸಹಕಾರಿ ಸೊಸೈಟಿಯಲ್ಲಿ ಶೇ 13ಕ್ಕೆ 38,000 ತೆಗೆದು ಕಾರ್ಡನ್ನು ಪೂರ್ತಿ ತೀರಿಸಿ, ಕತ್ತರಿಸಿ ಕಸದ ಡಬ್ಬಿಗೆ ಹಾಕಿದೆ. ಎರಡು ವರ್ಷಕ್ಕೆ ಸೊಸೈಟಿಯ ಕಂತು ಸುಮಾರು 1,810. ಮೊದಲಿಗಿಂತ ಕಮ್ಮಿ, ಮತ್ತು ಇದಕ್ಕೆ ಕೊನೆ ಅನ್ನುವುದು ಇದೆ. (ಸಹಕಾರ ಸಂಘ ಅಂದರೆ ಮೂಗು ಮುರಿಯಬೇಡಿ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದೇ ರೈತರು ಸಾಹುಕಾರರ ಬಡ್ಡಿಯಲ್ಲಿ ಬೇಯಬಾರದು ಅಂತ. ಆದರೆ ಯಾವ ಸೊಸೈಟಿ ಅಂತ ವಿಚಾರಿಸಿ ಹೋಗಿ, ಎಲ್ಲವೂ ಒಂದೇ ಅಲ್ಲ.)

"ಸಾಕು" ಅನ್ನುವ ಅಂಕಿ

ತೂತು ಎಷ್ಟು ಅಂತ ಗೊತ್ತಾದ ಮೇಲೆ, ಸಾಕು ಎಷ್ಟು ಅಂತ ಬರೆಯಿರಿ. ಇದನ್ನು ಯಾರೂ ಮಾಡುವುದಿಲ್ಲ. ಜಾಸ್ತಿ ಬೇಕು ಅನ್ನುತ್ತೇವೆ, ಇಷ್ಟೇ ಸಾಕು ಅನ್ನುತ್ತೇವೆ, ಅಂಕಿ ಮಾತ್ರ ಹೇಳುವುದಿಲ್ಲ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ಶಾಲೆಯಲ್ಲಿ ಕೇಳಿದ್ದೇವೆ ಅಲ್ವಾ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಜಾಸ್ತಿ ತಂದಾಗ, ಇಷ್ಟು ನಮಗೆ ಯಾಕೆ, ಅಲ್ಲೇ ಸುರಿದು ಬಾ ಅಂತ ಲಕ್ಕಮ್ಮ ವಾಪಸ್ ಕಳಿಸುತ್ತಾಳೆ. ಈ ಕಥೆ ಹೇಳಿ ಎಲ್ಲರೂ ದುರಾಸೆ ಕೆಟ್ಟದ್ದು ಅನ್ನುತ್ತಾರೆ. ನನಗೆ ಅದರಲ್ಲಿ ಬೇರೆಯದೇ ಕಾಣುತ್ತದೆ. ಆ ತಾಯಿಗೆ ದಿನಕ್ಕೆ ಎಷ್ಟು ಅಕ್ಕಿ ಬೇಕು ಅಂತ ಪಕ್ಕಾ ಗೊತ್ತಿತ್ತು! ಅಳತೆ ಇತ್ತು. ಅದಕ್ಕೇ ಜಾಸ್ತಿ ಬಂದದ್ದು ಕಣ್ಣಿಗೆ ಬಿತ್ತು. ಕಮ್ಮಿ ಬಂದಿದ್ದರೂ ಆಕೆ ಸುಮ್ಮನಿರುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ನನ್ನ ಸಾಕು 36,000 ಬಂತು. ಮನೆ ಖರ್ಚು 32,000 ಚಿಲ್ಲರೆ, ಉಳಿತಾಯ 2,500, ಆಸ್ಪತ್ರೆಗೆ ಅಂತ ಬೇರೆ ತೆಗೆದಿಡುವುದು 1,500. ನೋಡಿ, ಸರಳ ಬದುಕು ಅಂದರೆ ಖರ್ಚು ಕಡಿಮೆ ಮಾಡುವುದು ಅಂದುಕೊಂಡಿದ್ದವನಿಗೆ ಲೆಕ್ಕ ಹೇಳಿದ್ದು ಉಲ್ಟಾ. ನಾನು ಇನ್ನೂ ಐದು ಸಾವಿರ ದುಡಿಯಬೇಕಿತ್ತು. ಮನೆಯಲ್ಲಿ ಮೂರು ತಿಂಗಳ ಖರ್ಚಿನಷ್ಟೂ ದುಡ್ಡಿಲ್ಲದೆ "ನಾವು ಶಾಂತವಾಗಿದ್ದೇವೆ" ಅನ್ನುವುದು ಸುಳ್ಳು. ಅವ್ವನಿಗೆ ಒಂದು ರಾತ್ರಿ ಎದೆ ಹಿಡಿದರೆ ಆ ಶಾಂತಿ ಎಲ್ಲಿ ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ರಾತ್ರಿ ಎರಡು ಗಂಟೆಗೆ ನಾನು ನೋಡುತ್ತಿದ್ದದ್ದು ಹಂಚಲ್ಲ, ಅದು.

ಬಾಯಿ ಬಿಟ್ಟು ಕೇಳಿ

ಆರು ವರ್ಷದಿಂದ ನನ್ನ ಪಗಾರ ಏರಿರಲಿಲ್ಲ. ಯಾರೂ ಏರಿಸಲಿಲ್ಲ ಅಂತ ಹೇಳುತ್ತಿದ್ದೆ. ನಾನು ಕೇಳಿರಲಿಲ್ಲ ಅಂತ ಹೇಳುತ್ತಿರಲಿಲ್ಲ. ಕೇಳುವುದು ನನ್ನ ಸ್ವಭಾವ ಅಲ್ಲ, ನಾನು ದುಡ್ಡಿನ ಹಿಂದೆ ಬಿದ್ದವನಲ್ಲ ಅಂತ ನನಗೇ ನಾನು ಶಾಲು ಹೊದೆಸಿಕೊಂಡಿದ್ದೆ. ಅಸಲಿಗೆ ಅದು ಅಂಜಿಕೆ.

ಕೇಳುವುದಕ್ಕೂ ಒಂದು ರೀತಿ ಇದೆ. ತಿಂಗಳ ಕೊನೆಗೆ, ಎಲ್ಲರ ತಲೆ ಬಿಸಿ ಇರುವಾಗ ಹೋಗಬೇಡಿ. ದೀಪಾವಳಿ ಲೆಕ್ಕ ಮುಗಿದ ವಾರ ಒಳ್ಳೆಯದು. ಮನೆ ಕಷ್ಟ ಹೇಳಬೇಡಿ. ಮಗಳ ಫೀ, ಅವ್ವನ ಗುಳಿಗೆ ಅವರಿಗೆ ಸಂಬಂಧವಿಲ್ಲ, ಮತ್ತು ಅದನ್ನು ಹೇಳುವಾಗ ನಿಮ್ಮ ದನಿ ಸಣ್ಣದಾಗುತ್ತದೆ. ಕೆಲಸ ಎಷ್ಟು ಹೆಚ್ಚಿದೆ ಅಂತ ಹೇಳಿ. ನಾನು ಅರ್ಧ ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ: ಸೇರಿದಾಗ ಏನೇನು ಮಾಡುತ್ತಿದ್ದೆ, 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಏನೇನು ಸೇರಿಕೊಂಡಿತು, ಇ-ವೇ ಬಿಲ್ಲು ಯಾರು ಮಾಡುತ್ತಾರೆ, ರಿಟರ್ನ್ ಯಾರು ಹಾಕುತ್ತಾರೆ. ಕೊನೆಗೆ ಅಂಕಿ. "ಸ್ವಲ್ಪ ನೋಡ್ರಿ" ಅನ್ನಬೇಡಿ, ಅಂಕಿ ಹೇಳಿ. ನಾನು ನಾಲ್ಕು ಸಾವಿರ ಅಂದೆ.

ಮಾಲಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಚಹಾ ತರಿಸಿದರು. ಆಮೇಲೆ, "ಮತ್ತ ನೀವು ಇಷ್ಟ ದಿನಾ ಕೇಳಲೇ ಇಲ್ಲಲ್ರೀ?" ಅಂದರು. 2,500 ಏರಿಸಿದರು.

ಅಷ್ಟೇ. ಆರು ವರ್ಷದ ಮನಸ್ತಾಪ ಒಂದು ಕಪ್ ಚಹಾದಲ್ಲಿ ಮುಗಿಯಿತು. ನಿಮ್ಮ ಮಾಲಕರು ಹಾಗೆ ಮಾಡದೇ ಇರಬಹುದು, ಆಗದು ಅನ್ನಬಹುದು. ಆದರೆ ಆಗದು ಅಂತ ಕೇಳಿಸಿಕೊಂಡವನು ಬೇರೆ ದಾರಿ ಹುಡುಕುತ್ತಾನೆ. ಕೇಳದೇ ಇದ್ದವನು ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಮಾಲಕರ ಜೊತೆ ಮನಸ್ಸಿನಲ್ಲೇ ಜಗಳ ಆಡುತ್ತಾನೆ. ನಾನು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ನವಲೂರಿನಿಂದ ಉಣಕಲ್‌ವರೆಗೆ ದಿನಾ ಗೆದ್ದಿದ್ದೇನೆ ಆ ಜಗಳ.

ಉಳಿದ ಎರಡೂವರೆ ಸಾವಿರಕ್ಕೆ ಎರಡು ಸಣ್ಣ ಅಂಗಡಿಗಳ ಲೆಕ್ಕ ಹಿಡಿದೆ. ಭಾನುವಾರ ಬೆಳಿಗ್ಗೆ ಮೂರು ತಾಸು. ಅದಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ಮೂರನೆಯವರು ಬಂದು ಕೇಳಿದಾಗ ಬೇಡ ಅಂದೆ. ಆ ದಿನ, ನಾನು ಜೀವನದಲ್ಲಿ ಮೊದಲ ಸಲ ನಿಜವಾಗಿ ಸರಳವಾಗಿ ಬದುಕಿದೆ ಅನ್ನಿಸಿತು. ಬರುತ್ತಿದ್ದದ್ದನ್ನು ಬೇಡ ಅಂದಿದ್ದೆ. ಅದಕ್ಕೂ ಮುಂಚೆ ಬೇಡ ಅನ್ನುತ್ತಿದ್ದದ್ದೆಲ್ಲ ಬರದೇ ಇದ್ದದ್ದು.

ಆ ಆಸೆ ಯಾರದು?

ಹುಬ್ಬಳ್ಳಿ-ಧಾರವಾಡದಲ್ಲಿ ಇಬ್ಬರು ಭೇಟಿಯಾದರೆ ಮೊದಲ ಮಾತು "ಆರಾಮ್ ಇದ್ದೀರೇನ್ರಿ", ಎರಡನೆಯದು ಮಳೆ, ಮೂರನೆಯದು ಸೈಟು. ಎಲ್ಲಿ ತಗೊಂಡ್ರಿ, ಎಷ್ಟಕ್ಕೆ ತಗೊಂಡ್ರಿ, ಎನ್‌ಎ ಆಗೈತೇನು, ಮೂವತ್ತು-ನಲವತ್ತೋ, ಇಪ್ಪತ್ತು-ಮೂವತ್ತೋ. ಸೈಟಿಲ್ಲದವನು ಈ ಮಾತಿನ ನಡುವೆ ಬರೀ ಹೂಂ ಅನ್ನಬೇಕು. ನಾನು ಎಷ್ಟೋ ವರ್ಷ ಹೂಂ ಅಂದೆ.

ಲೆಕ್ಕ ಒಂದು ಹದಕ್ಕೆ ಬಂದ ಮೇಲೂ ಒಳಗಿನ ಕುದಿ ಪೂರ್ತಿ ಹೋಗಲಿಲ್ಲ. ಆಗ ವಹಿಯ ಹಿಂದಿನ ಪುಟದಲ್ಲಿ, ನನಗೆ ಬೇಕಾಗಿದ್ದೂ ಸಿಗದೇ ಇದ್ದದ್ದನ್ನೆಲ್ಲ ಬರೆದೆ. ಸೈಟು, ಕಾರು, ಮಗಳಿಗೆ ಇಂಗ್ಲಿಷ್ ಶಾಲೆ, ವರ್ಷಕ್ಕೊಂದು ಪ್ರವಾಸ, ಸಂಜೆ ಆರಕ್ಕೆ ಮನೆಗೆ ಬರುವುದು, ಒಂದು ಆರಾಮ್ ಕುರ್ಚಿ. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಕೇಳಿಕೊಂಡೆ. ಇದು ನನಗೆ ಸಿಕ್ಕಿದೆ ಅಂತ ಯಾರಿಗೂ ಎಂದೂ ಗೊತ್ತಾಗದೇ ಇದ್ದರೆ, ಆಗಲೂ ಬೇಕಾ?

ನೀವೂ ಕೇಳಿಕೊಂಡು ನೋಡಿ. ಕಾರು ತಕ್ಷಣ ಬಿದ್ದುಹೋಯಿತು. ಸೈಟು ಸ್ವಲ್ಪ ಹೊತ್ತು ಒದ್ದಾಡಿ ಬಿದ್ದುಹೋಯಿತು. ಅದು ಷಡ್ಡಕನ ಆಸೆ. ಅವರ ಆಸೆಯನ್ನು ನಾನು ಇಷ್ಟು ವರ್ಷ ಹೊತ್ತು ಬೆನ್ನು ನೋಯಿಸಿಕೊಂಡಿದ್ದೆ. ಸಂಜೆ ಆರಕ್ಕೆ ಮನೆಗೆ ಬರುವುದು, ಆರಾಮ್ ಕುರ್ಚಿ, ಎರಡೂ ನಿಂತವು. ಕುರ್ಚಿಯನ್ನು ದುರ್ಗದಬೈಲಿನ ಹತ್ತಿರ ಹಳೇ ಸಾಮಾನಿನವರಲ್ಲಿ 900 ರೂಪಾಯಿಗೆ ತಂದೆ. ಸಂಜೆ ಆರು ಮಾತ್ರ ಇನ್ನೂ ಆಗಿಲ್ಲ, ಏಳು ಆಗುತ್ತದೆ.

ಹಾಗಂತ ಎಲ್ಲ ಆಸೆಯನ್ನೂ ಕೊಂದುಬಿಡಿ ಅಂತ ನಾನು ಹೇಳುತ್ತಿಲ್ಲ. ಮಲ್ಲಿಕಾರ್ಜುನ ಮನಸೂರರು 1992ರಲ್ಲಿ ತೀರಿಕೊಂಡರು, ಪದ್ಮವಿಭೂಷಣ ಬಂದದ್ದೂ ಅದೇ ವರ್ಷ. ದೇಶವೆಲ್ಲ ಕೇಳುವ ಗವಾಯಿಗಳಾದ ಮೇಲೂ ಅವರ ಮನೆ ಧಾರವಾಡದಲ್ಲೇ ಇತ್ತು, ಈಗಲೂ ಹೋಗಿ ನೋಡಬಹುದು. ಅಂಥವರನ್ನು ಸರಳ ಜೀವಿ ಅಂತ ಹೊಗಳುವಾಗ, ಅವರಿಗೆ ಆಸೆಯೇ ಇರಲಿಲ್ಲ ಅನ್ನುವ ಹಾಗೆ ಮಾತಾಡುತ್ತೇವೆ. ಹಾಡಿನ ಬಗ್ಗೆ ಅವರಿಗಿದ್ದ ಹಸಿವು ನಮಗೆ ಸೈಟಿನ ಬಗ್ಗೆ ಇರುವುದಕ್ಕಿಂತ ನೂರು ಪಟ್ಟು ದೊಡ್ಡದು. ಆದರೆ ಅದು ಅವರದೇ ಹಸಿವು.

ಮನೆಯಲ್ಲಿ ಮಾತು

ಶಾಂತವಾಗಿರುವುದು ಅಂದರೆ ಮಾತು ನುಂಗುವುದಲ್ಲ. ಇದು ನನಗೆ ತಡವಾಗಿ ತಿಳಿಯಿತು.

ಸಾಲದ ಪುಟವನ್ನು ನಮ್ಮಾಕೆಗೆ ತೋರಿಸಲು ನನಗೆ ಎರಡು ವಾರ ಹಿಡಿಯಿತು. ರಾತ್ರಿ ಮಲಗುವ ಹೊತ್ತಿಗೆ ಹೇಳಬೇಡಿ, ಇಬ್ಬರ ನಿದ್ದೆಯೂ ಹೋಗುತ್ತದೆ. ಎದುರುಬದುರು ಕೂತು, "ನಿನ್ನ ಹತ್ತಿರ ಒಂದು ಮಾತಾಡಬೇಕು" ಅಂತ ಶುರು ಮಾಡಬೇಡಿ, ಅರ್ಧ ಜೀವ ಅಲ್ಲೇ ಹೋಗುತ್ತದೆ. ಕೈಯಲ್ಲಿ ಕೆಲಸ ಇರುವಾಗ ಹೇಳಿ. ನಾವು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದೆವು. ಕಣ್ಣು ಶೇಂಗಾದ ಮೇಲೆ ಇರುತ್ತದೆ, ಮುಖ ನೋಡಬೇಕಾಗಿಲ್ಲ, ಮಾತು ನಿಂತರೆ ಸಿಪ್ಪೆ ಒಡೆಯುವ ಸದ್ದಾದರೂ ಇರುತ್ತದೆ. ಮೊದಲು ನಿಮ್ಮ ತಪ್ಪು ಹೇಳಿ, ಆಮೇಲೆ ಅಂಕಿ, ಕೊನೆಗೆ ಏನು ಮಾಡಬೇಕು ಅಂತಿದ್ದೀರಿ ಅನ್ನುವುದು. ಅವರ ಖರ್ಚಿನ ಮಾತು ಆ ದಿನ ಎತ್ತಲೇಬೇಡಿ.

ಕಾರ್ಡಿನ 38,000 ಅಂದೆ. ಆಕೆಯ ಕೈ ನಿಲ್ಲಲಿಲ್ಲ. ಒಂದು ಬೊಗಸೆ ಕಾಳು ಬುಟ್ಟಿಗೆ ಹಾಕಿ, ಸಿಪ್ಪೆ ಊದಿ, "ಬಿಲ್ವಾರ ಅಡಾ ಇಟ್ಟೀನ್ರಿ" ಅಂದಳು. ಹೋದ ವರ್ಷ ಮಗಳ ಫೀಗೆ. 20,000. ಬಡ್ಡಿಯನ್ನು ಬ್ಲೌಸ್ ಹೊಲಿದ ದುಡ್ಡಿನಲ್ಲಿ ಕಟ್ಟುತ್ತಿದ್ದಳಂತೆ. ನನ್ನ ಅಷ್ಟು ಚಂದದ ಲೆಕ್ಕದಲ್ಲಿ ಆ ಸಾಲವೂ ಇರಲಿಲ್ಲ, ಆ ದುಡಿಮೆಯೂ ಇರಲಿಲ್ಲ. ಕೈಯಲ್ಲಿ ಬಳೆ ಇಲ್ಲದ್ದನ್ನು ನಾನು ಹತ್ತು ತಿಂಗಳು ನೋಡಿಯೇ ಇರಲಿಲ್ಲ ಅನ್ನುವುದು ಎಲ್ಲಕ್ಕಿಂತ ದೊಡ್ಡ ಬಾಕಿ.

ಒಂದೇ ಮನೆಯಲ್ಲಿ ಇಬ್ಬರು, ಇನ್ನೊಬ್ಬರ ನಿದ್ದೆ ಕೆಡಬಾರದು ಅಂತ, ಒಬ್ಬೊಬ್ಬರೇ ಎಚ್ಚರ ಇದ್ದೆವು. ಹೊರಗಿನವರಿಗೆ ನಮ್ಮದು ಜಗಳವಿಲ್ಲದ, ದನಿ ಏರದ ಮನೆ. ಈಗ ತಿಂಗಳಿಗೊಮ್ಮೆ ಸಣ್ಣ ಜಗಳ ಆಗುತ್ತದೆ, ವಹಿ ಮುಂದೆ ಇಟ್ಟುಕೊಂಡು. ಚಲೋ ಇದೆ.

ಸಣ್ಣಪುಟ್ಟವು

ಆಯೇರಿಗೆ ವರ್ಷಕ್ಕೆ ಇಷ್ಟು ಅಂತ ಯುಗಾದಿಗೇ ಗೊತ್ತು ಮಾಡಿ. ನಾವು 15,000 ಇಟ್ಟಿದ್ದೇವೆ. ರಕ್ತಸಂಬಂಧಕ್ಕೆ ಒಂದು ದರ, ಉಳಿದವರಿಗೆ ಒಂದು ದರ. ಮೊದಲ ವರ್ಷ ಇಬ್ಬರು ಮುಖ ಊದಿಸಿದರು. ಎರಡನೇ ವರ್ಷ ಅವರೂ ಕಡಿಮೆ ತಂದರು. ಎಲ್ಲರೂ ಯಾರಾದರೂ ಮೊದಲು ಇಳಿಸಲಿ ಅಂತ ಕಾಯುತ್ತಿರುತ್ತಾರೆ, ನೀವೇ ಇಳಿಸಿ, ಪುಣ್ಯ ಬರುತ್ತದೆ.

ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಯಾರದನ್ನು ನೋಡಿದರೆ ಹೊಟ್ಟೆ ಹಿಂಡುತ್ತದೋ ಅವರದನ್ನು ಮ್ಯೂಟ್ ಮಾಡಿ. ಅವರಿಗೆ ಗೊತ್ತಾಗುವುದಿಲ್ಲ. ಷಡ್ಡಕನದು ಮ್ಯೂಟ್ ಮಾಡಿದ ಮೇಲೆ ನಮ್ಮಿಬ್ಬರ ಸಂಬಂಧ ಸುಧಾರಿಸಿದೆ.

ಹೆಚ್ಚು ದುಡ್ಡು ಖರ್ಚಾಗದ ಜಾಗ ಒಂದನ್ನು ನಿಮ್ಮದು ಮಾಡಿಕೊಳ್ಳಿ. ಕೆಲಗೇರಿ ಕೆರೆ, ಕರ್ನಾಟಕ ಕಾಲೇಜಿನ ಮೈದಾನ, ಸಾಧನಕೇರಿ, ಹುಬ್ಬಳ್ಳಿಯವರಾದರೆ ನೃಪತುಂಗ ಬೆಟ್ಟ, ಉಣಕಲ್ ಕೆರೆ, ಸಿದ್ಧಾರೂಢ ಮಠ. 1890ರಲ್ಲಿ ಶುರುವಾದ ನಮ್ಮ ವಿದ್ಯಾವರ್ಧಕ ಸಂಘದಲ್ಲಿ ಸಂಜೆ ಏನಾದರೊಂದು ಭಾಷಣವೋ, ಹಾಡೋ ನಡೆಯುತ್ತಿರುತ್ತದೆ, ಹೋಗಿ ಹಿಂದಿನ ಸಾಲಿನಲ್ಲಿ ಕೂಡಬಹುದು, ಬೇಸರ ಬಂದರೆ ಎದ್ದು ಬರಬಹುದು. ವಾಪಸ್ ಬರುವಾಗ ಮಿರ್ಚಿ-ಗಿರ್ಮಿಟ್ ತಿನ್ನಿ. ಅದನ್ನೂ ಬಿಟ್ಟು ಸರಳ ಆಗಬೇಕಾಗಿಲ್ಲ.

ಈ ಬರಹ ಎಲ್ಲಿ ಕೆಲಸ ಮಾಡುವುದಿಲ್ಲ

ಗದಗ, ಹಾವೇರಿ ಕಡೆ ಮಳೆ ನಂಬಿದ ಎರಡೆಕರೆ ಹೊಲ, ಮೆಣಸಿನಕಾಯಿ ಹಾಕಿ ಬ್ಯಾಡಗಿ ಪೇಟೆಯಲ್ಲಿ ದರ ಬೀಳುವುದನ್ನು ನೋಡುತ್ತ ನಿಂತವರಿಗೆ ನನ್ನ ನೋಟುಬುಕ್ಕು ಏನೂ ಮಾಡುವುದಿಲ್ಲ. ಅವರು ತಮ್ಮ ಲೆಕ್ಕ ನನಗಿಂತ ಚೆನ್ನಾಗಿ ಬಲ್ಲರು. ಅವರಿಗೆ ಬೇಕಾದದ್ದು ದರ, ಮಳೆ, ನೆರವು. ಸರಳತೆಯ ಪಾಠ ಅಲ್ಲ. ಯಾರಾದರೂ ಅವರಿಗೆ ಅಂಥ ಪಾಠ ಹೇಳುತ್ತಿದ್ದರೆ ನನಗೆ ಮೈ ಉರಿಯುತ್ತದೆ. ವಾರದ ಕಂತಿನ ಸಾಲ ತೆಗೆದು, ಮನೆ ಮುಂದೆ ಬಂದು ಕೂಡುವವರ ಕಾಟ ಅನುಭವಿಸುತ್ತಿದ್ದರೆ ಸುಮ್ಮನಿರಬೇಡಿ. ಬಲವಂತದ ವಸೂಲಿ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿತು. ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ, ಒಬ್ಬರೇ ಹೋಗಬೇಡಿ, ಓಣಿಯ ನಾಲ್ಕು ಮಂದಿ ಕರೆದುಕೊಂಡು ಹೋಗಿ.

ಇನ್ನೊಂದು, ಇದು ಜಾಸ್ತಿ ಮುಖ್ಯ. ಎರಡು ವಾರ ದಾಟಿದರೂ ಯಾವುದರಲ್ಲೂ ರುಚಿ ಇಲ್ಲ, ಊಟ ಸೇರುವುದಿಲ್ಲ, ನಿದ್ದೆಯೇ ಇಲ್ಲ ಅಥವಾ ಬರೀ ನಿದ್ದೆ, ನಾನಿಲ್ಲದಿದ್ದರೆ ಇವರಿಗೆ ಚಲೋ ಅನ್ನುವ ಯೋಚನೆ ಸುಳಿಯುತ್ತಿದೆ ಅಂದರೆ ವಹಿ ಮುಚ್ಚಿ. ಅದು ಲೆಕ್ಕದ ವಿಷಯ ಅಲ್ಲ, ಕಾಯಿಲೆ. ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಹಳಬರು ಇನ್ನೂ ಹುಚ್ಚರ ಆಸ್ಪತ್ರೆ ಅನ್ನುತ್ತಾರೆ, ಅನ್ನಲಿ ಬಿಡಿ, ಶುಗರಿಗೆ ಗುಳಿಗೆ ತಗೊಳ್ಳಲು ನಾಚದ ನಾವು ಇದಕ್ಕೆ ಯಾಕೆ ನಾಚಬೇಕು. ಅಲ್ಲಿಗೆ ಹೋಗಲು ಕಾಲು ಏಳದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿ ಎರಡು ಗಂಟೆಗೂ.

ಕಾಕಾ ಅವರ ವಹಿ

ಭಾನುವಾರ ಕಾಕಾ ಸೈಕಲ್ ಮಗುಚಿ ಇಟ್ಟು ಚೈನ್ ತೊಳೆಯುತ್ತಾರೆ. ಒಂದು ಹಳೇ ಬಸಿಯಲ್ಲಿ ಡೀಸೆಲ್. ಮುಂಚೆ ಚಿಮಣಿ ಎಣ್ಣೆ ಇತ್ತು, ಈಗ ಸಿಗುವುದಿಲ್ಲ. ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಕೊಂಡಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಪೆಡಲ್ ತಿರುಗಿಸಿ ಕಿವಿಗೊಟ್ಟು ಕೇಳುತ್ತಾರೆ. ಒಂದು ದಿನ ಅಲ್ಲೇ ಕಟ್ಟೆಯ ಮೇಲೆ ಕೂತು ಕೇಳಿದೆ. ಕಾಕಾ, ನಿಮಗೆ ಯಾವತ್ತೂ ಇನ್ನೂ ಏನಾದರೂ ಬೇಕಿತ್ತು ಅನ್ನಿಸಲಿಲ್ಲೇನು?

"ಅನ್ನಿಸದ ಏನಪಾ. ಪ್ರಮೋಷನ್ ಬಂದಿತ್ತು. ಬ್ಯಾರೆ ಊರಿಗೆ ಹೋಗಬೇಕಿತ್ತು, ಬ್ಯಾಡ ಅಂದೆ. ಆಮ್ಯಾಲೆ ಎರಡು ವರ್ಷ ಹಳಹಳಿಸೀನಿ. ನಿಮ್ಮ ಕಾಕು ಕೂಡ ದಿನಾ ಜಗಳ."

"ಮತ್ತ ಹ್ಯಾಂಗ ಬಿಟ್ರಿ?"

"ಬರದು ನೋಡಿದೆ. ಹೋದ್ರ ಎಷ್ಟ ಬರತಿತ್ತು, ಇದ್ದಿದ್ದಕ್ಕ ಏನ್ ಉಳೀತು. ಅಪ್ಪ ಇನ್ನಾ ಇದ್ದ ಆಗ." ಇಷ್ಟು ಹೇಳಿ ಮತ್ತೆ ಚೈನಿಗೆ ಬ್ರಷ್ ಹಚ್ಚಿದರು. ಅವರ ಗೊರಕೆ ಪುಕ್ಕಟೆ ಬಂದದ್ದಲ್ಲ ಅಂತ ನನಗೆ ಆವತ್ತು ಗೊತ್ತಾಯಿತು.

ಸೊಸೈಟಿ ಸಾಲ ಹೋದ ಶ್ರಾವಣದಲ್ಲಿ ಮುಗಿಯಿತು. ಬಿಲ್ವಾರ ಮನೆಗೆ ಬಂದಿವೆ. ಈಗಲೂ ಒಮ್ಮೊಮ್ಮೆ ಎಚ್ಚರಾಗುತ್ತದೆ, ಇಲ್ಲ ಅನ್ನುವುದಿಲ್ಲ. ಮೊನ್ನೆ ಬೆಳಿಗ್ಗೆ ಹಾಲು ತರಲು ಬಾಗಿಲು ತೆಗೆದರೆ, ಕಾಕಾ ಆಗಲೇ ಶಾಲು ಹೊದ್ದು ಕಟ್ಟೆಯ ಮೇಲೆ ಕೂತಿದ್ದರು, ಕಣ್ಣು ಕೆಂಪಾಗಿದ್ದವು. ಯಾಕ್ರೀ ಕಾಕಾ, ಆರಾಮಿಲ್ಲೇನು ಅಂದೆ.

"ವಯಸ್ಸಾತಲ್ಲಪಾ, ನಿದ್ದಿ ಬರೂದಿಲ್ಲ. ಬಂದ್ರೂ ನೀ ಎಲ್ಲಿ ಬಿಡ್ತಿ? ಗ್ವಾಡಿ ಆಚೆಯಿಂದ ನಿನ್ನ ಗೊರಕಿ ಅಂದ್ರ, ವರ್ಕ್‌ಶಾಪ್ ನೆನಪಾಕ್ಕೈತಿ."